ಅಗಲದ ಗಾಜು

"ಮದುವೆ ಫೋಟೋಗಾ?" ಎಂದು ಅಂಗಡಿಯವನು ಕೇಳಿದ. ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಎರಡು ಲೆನ್ಸ್‌ಗಳನ್ನು ಅಕ್ಕಪಕ್ಕ ಇಟ್ಟಿದ್ದ.

"ಅಲ್ಲ," ಎಂದ ಅಣ್ಣ. "ವಿಮಾನದಿಂದ ಬೀಳೋರ ಫೋಟೋಗೆ."

ಅಂಗಡಿಯವನು ತಂಗಿಯ ಮುಖ ನೋಡಿದ, ಇವನ ತಲೆ ನೆಟ್ಟಗಿದೆಯೇ ಎಂದು ವಿಚಾರಿಸುವವನಂತೆ. ಅವಳಿಗೆ ಇದು ರೂಢಿಯಾಗಿತ್ತು. ಅಣ್ಣನ ಕಸುಬು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಅವಳ ಕಡೆ ತಿರುಗುತ್ತಾರೆ. ಊರಾಚೆಯ ಮೈದಾನಕ್ಕೆ ಆಕಾಶದಿಂದ ಜಿಗಿಯುವ ಆಸೆ ಹೊತ್ತು ಬರುವವರನ್ನು ಅನುಭವಸ್ಥನೊಬ್ಬ ತನ್ನ ಎದೆಗೆ ಬಿಗಿದುಕೊಂಡು ಧುಮುಕುತ್ತಿದ್ದ, ಎಲ್ಲರೂ ಅವನನ್ನು 'ಗುರು' ಎನ್ನುತ್ತಿದ್ದರು. ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು ಅಣ್ಣನೂ ಅವರ ಜೊತೆಗೇ ಧುಮುಕಿ, ಅವರು ಬೀಳುವುದನ್ನು ಚಿತ್ರ ಹಿಡಿಯುತ್ತಿದ್ದ. ಕೆಳಗೆ ತಗಡಿನ ಶೆಡ್ಡಿನಲ್ಲಿ ಕೂತು ಆ ವಿಡಿಯೋ ಕತ್ತರಿಸಿ, ಜೋಡಿಸಿ, ಹಾರಿದವರ ಕೈಗೆ ಕೊಡುವುದು ಅವಳ ಕೆಲಸ.

ಹಳೆಯ ಲೆನ್ಸಿನ ತಕರಾರು ಒಂದೇ. ಮುಖ ಬಂದರೆ ಕಾಲಿಲ್ಲ, ಕಾಲು ಬಂದರೆ ಭೂಮಿಯಿಲ್ಲ. "ಆಕಾಶದಿಂದ ಬಿದ್ದ ಹಾಗಿಲ್ಲ ಕಣಮ್ಮ, ಫ್ಯಾನಿನ ಎದುರು ಮಲಗಿಸಿ ತೆಗೆದ ಹಾಗಿದೆ," ಎಂದು ಮೈದಾನದ ಯಜಮಾನ ಆಡಿಕೊಂಡಿದ್ದ. ಆ ಮಾತು ಅಣ್ಣನಿಗಿಂತ ಅವಳಿಗೇ ಹೆಚ್ಚು ಚುಚ್ಚಿತ್ತು.

"ಇದು ಇಪ್ಪತ್ತು, ಇದು ಹತ್ತು," ಎಂದ ಅಂಗಡಿಯವನು. "ನಂಬರ್ ಕಮ್ಮಿಯಾದಷ್ಟೂ ನೋಟ ಅಗಲ."

ಅವಳು ಅಣ್ಣನನ್ನು ಬಾಗಿಲ ಬಳಿ ನಿಲ್ಲಿಸಿ ಮೊದಲು ಇಪ್ಪತ್ತರದ್ದನ್ನು ಕ್ಯಾಮೆರಾಕ್ಕೆ ಹಾಕಿ ನೋಡಿದಳು. ಅಣ್ಣ ಬಂದ, ಬಾಗಿಲು ಬಂತು, ಸ್ವಲ್ಪ ಗೋಡೆ ಬಂತು. ಹತ್ತರದ್ದನ್ನು ಹಾಕಿದಾಗ ಇಡೀ ಅಂಗಡಿಯೇ ಒಳಗೆ ಬಂದುಬಿಟ್ಟಿತು. ಎರಡೂ ಕಡೆಯ ಕಪಾಟು, ಮೇಲಿನ ದೀಪ, ಕೆಳಗಿನ ನೆಲ, ಅದರ ಕೊನೆಯಲ್ಲೆಲ್ಲೋ ಬೆರಳುದ್ದದ ಅಣ್ಣ.

"ಅಷ್ಟು ದೂರ ಯಾಕೆ ನಿಂತೆ? ಹತ್ತಿರ ಬಾ."

ಅವನು ಬಂದ. ಇನ್ನೂ ಬಾ ಎಂದಳು. ಅವನ ಮೂಗು ಗಾಜಿಗೆ ಗೇಣಷ್ಟು ದೂರದಲ್ಲಿರುವಾಗ ಮುಖ ತುಂಬಿ ಬಂತು, ಅದರ ಹಿಂದೆ ಅಂಗಡಿ ಬಾಗಿ ದುಂಡಗಾಗಿ ನಿಂತಿತ್ತು. ಅವಳ ಮೈ ಜುಮ್ಮೆಂದಿತು. ಭೂಮಿಯೂ ಹೀಗೇ ದುಂಡಗೆ ಬರುತ್ತದಲ್ಲ ಎಂದುಕೊಂಡಳು.

"ಇಪ್ಪತ್ತರದ್ದು ಸಾಕಲ್ವಾ ಪುಟ್ಟಿ?" ಎಂದ ಅಣ್ಣ. "ಅದಾದ್ರೆ ಈಗಿರೋ ದೂರದಲ್ಲೇ ಇರಬಹುದು."

"ನಿನಗೆ ಚಿತ್ರ ಬೇಕಾ, ದೂರ ಬೇಕಾ?"

ಅವನು ನಕ್ಕು ಎರಡೂ ಕೈ ಎತ್ತಿದ. "ನೋಡೋಳು ನೀನು. ನೀನು ಹೇಳಿದ್ದೇ ಆಗ್ಲಿ."

ಹತ್ತರದ್ದನ್ನೇ ಕೊಂಡರು. ಮೊದಲ ವಾರದ ವಿಡಿಯೋಗಳಲ್ಲಿ ಮನುಷ್ಯರು ಇರುವೆಯಷ್ಟಾದರು. ಅಭ್ಯಾಸಬಲ, ಅಣ್ಣ ಹಳೆಯ ದೂರದಲ್ಲೇ ಹಾರುತ್ತಿದ್ದ. ಹತ್ತಿರ ಹೋಗು ಎಂದಳು, ಹೋದ. ಇನ್ನೊಂದು ವಾರಕ್ಕೆ ಮುಖಗಳು ತುಂಬಿಕೊಂಡವು, ಆದರೆ ಹಿಂದೆ ಬರೀ ಆಕಾಶ. ಆಗ ಅವಳೇ ಹೇಳಿದಳು, "ಎದುರಿಂದ ಬೇಡ ಅಣ್ಣ, ಸ್ವಲ್ಪ ಮೇಲಿಂದ ಹಿಡಿ. ಕೆಳಗೆ ಭೂಮಿ ಪೂರ್ತಿ ಬರುತ್ತೆ."

ಅಣ್ಣ ತಕ್ಷಣ ಹೂಂ ಎನ್ನಲಿಲ್ಲ. ಹಾರುವವರಲ್ಲಿ ಒಂದು ಕಟ್ಟಳೆಯಿದೆ, ಅದು ಶೆಡ್ಡಿನಲ್ಲಿ ಕೂತವಳಿಗೂ ಗೊತ್ತಿತ್ತು. ಪ್ಯಾರಾಶೂಟಿಗೆ ಅವರು ಕೊಡೆ ಎನ್ನುತ್ತಾರೆ. ಕೊಡೆ ಬಿಚ್ಚುವ ಹೊತ್ತಿಗೆ ಬಿಚ್ಚುವವರ ನೆತ್ತಿಯ ಮೇಲೆ ಯಾರೂ ಇರಕೂಡದು. ಬಿಚ್ಚಿದವರು ಗಕ್ಕನೆ ನಿಂತಂತಾಗುತ್ತಾರೆ, ಮೇಲಿರುವವನು ಬೀಳುತ್ತಲೇ ಇರುತ್ತಾನೆ. ಹಾಗೆ ಅಪ್ಪಳಿಸಿದರೆ ಮೂವರಲ್ಲಿ ಯಾರೂ ಉಳಿಯುವುದಿಲ್ಲ. ಅದಕ್ಕೇ ಬಿಚ್ಚುವ ಮುಂಚೆ ಗುರು ಕೈ ಬೀಸುತ್ತಾನೆ, ಬೀಸಿದೊಡನೆ ಕ್ಯಾಮೆರಾದವನು ಪಕ್ಕಕ್ಕೆ ಜಾರಬೇಕು.

"ಆಗ್ಲಿ, ಕೈ ಬೀಸೋವರೆಗೆ ಮೇಲಿರ್ತೀನಿ," ಎಂದ ಕೊನೆಗೆ.

ಆ ವಿಡಿಯೋ ನೋಡಿ ಯಜಮಾನ ಕುರ್ಚಿ ಎಳೆದುಕೊಂಡು ಕೂತ. ಮತ್ತೆ ಹಾಕಮ್ಮ, ಮತ್ತೆ ಹಾಕು ಎಂದು ನಾಲ್ಕು ಸಲ ನೋಡಿದ. ಮನುಷ್ಯನೊಬ್ಬ ನಗುತ್ತ ಮೇಲೆ ನೋಡುತ್ತಿದ್ದಾನೆ, ಅವನ ಕೆಳಗೆ ಹೊಲ, ರಸ್ತೆ, ಕೆರೆಯೆಲ್ಲ ಒಂದೇ ಬಟ್ಟಲಿನಲ್ಲಿ ಕೂತಿವೆ. ಮುಂದಿನ ವಾರದಿಂದ ಬಂದವರೆಲ್ಲ "ಆ ಮೇಲಿಂದ ತೆಗೆಯೋ ಥರದ್ದೇ ಬೇಕು" ಎನ್ನತೊಡಗಿದರು. ಹೊಗಳಿಕೆ ಅಣ್ಣನಿಗೆ ಸಲ್ಲುತ್ತಿತ್ತು, ಅದರ ಅರ್ಧ ಪಾಲು ತನ್ನದೆಂದು ಅವಳು ಒಳಗೊಳಗೇ ಉಬ್ಬುತ್ತಿದ್ದಳು. ಇದರಲ್ಲಿ ಮುಚ್ಚಿಡುವುದೇನಿದೆ, ಅವಳಿಗೆ ಖುಷಿಯಾಗಿತ್ತು.

ಎಣಿಕೆ ಶುರುವಾದದ್ದು ಬೇರೆ ಕಾರಣಕ್ಕೆ. ವಿಡಿಯೋಗೆ ಸಂಗೀತ ಕೂಡಿಸುವಾಗ ಕೊಡೆ ಬಿಚ್ಚುವ ಕ್ಷಣಕ್ಕೆ ತಾಳ ಸರಿಯಾಗಿ ಬೀಳಬೇಕು. ಅದಕ್ಕಾಗಿ ಅವಳು ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಸರಿಸುತ್ತಿದ್ದಳು. ಒಂದು ಸೆಕೆಂಡಿಗೆ ಮೂವತ್ತು ಚಿತ್ರ. ಅಣ್ಣ ಪಕ್ಕಕ್ಕೆ ಜಾರಿದ ಚಿತ್ರದಿಂದ ಬಟ್ಟೆ ಅರಳಿದ ಚಿತ್ರದವರೆಗೆ ಮೊದಲ ವಿಡಿಯೋದಲ್ಲಿ ತೊಂಬತ್ತಿದ್ದವು. ಹತ್ತು ದಿನದ ನಂತರ ಅರವತ್ತು. ಆಮೇಲೆ ನಲವತ್ತು, ಇಪ್ಪತ್ತೆರಡು. ಒಂದು ಶನಿವಾರ ಒಂಬತ್ತು ಬಂದಾಗ ಅವಳು ತಪ್ಪೆಣಿಸಿದೆನೇನೋ ಎಂದು ಮತ್ತೆ ಎಣಿಸಿದಳು. ಒಂಬತ್ತೇ.

"ಅಣ್ಣ, ನೀನು ಸರಿಯೋದು ತಡ ಆಗ್ತಿದೆ."

"ಏನು ತಡ? ಗುರು ಕೈ ಬೀಸ್ತಾನೆ, ನಾನು ಸರೀತೀನಿ."

"ಇಲ್ಲ, ನಾನು ಎಣಿಸಿದೀನಿ. ಒಂಬತ್ತು ಚಿತ್ರ. ಮೂವತ್ತಕ್ಕೆ ಒಂದು ಸೆಕೆಂಡು."

ಅವನು ಅವಳ ತಲೆಯ ಮೇಲೆ ಮೆಲ್ಲಗೆ ಮೊಟಕಿದ. "ಸಾವಿರದಿನ್ನೂರು ಸಲ ಹಾರಿದೀನಿ ಕಣೇ. ಮೀನಿಗೆ ಈಜು ಕಲಿಸ್ತೀಯಾ? ಮೇಲಿದ್ದಾಗ ನನಗೆ ಅದು ಎಷ್ಟು ಹೊತ್ತು ಅನಿಸುತ್ತೆ ಗೊತ್ತಾ? ಒಂದು ಬೀಡಿ ಸೇದಬಹುದು."

ಗುರುವಿಗೆ ಹೇಳಬಹುದಿತ್ತು. ಬೀಳುವಾಗ ಗುರುವಿನ ಕಣ್ಣು ಕೆಳಗಿರುತ್ತದೆ, ಬೆನ್ನ ಮೇಲಿರುವವನು ಅವನಿಗೆ ಕಾಣುವುದಿಲ್ಲ. ತಿಳಿದರೆ ಅಣ್ಣನನ್ನು ಅದೇ ದಿನ ಮೈದಾನದಿಂದ ಆಚೆ ಕಳಿಸುತ್ತಿದ್ದ. ಹಾರದ ಅಣ್ಣ ಹೇಗಿರುತ್ತಾನೆಂದು ಅವಳಿಗೆ ಗೊತ್ತು. ಕಾಲು ಮುರಿದುಕೊಂಡು ಐದು ತಿಂಗಳು ಮನೆಯಲ್ಲಿದ್ದಾಗ ಅವನು ಅತ್ತಿಗೆಯ ಜೊತೆಗೂ ಮಾತಾಡದೆ ಗೋಡೆ ನೋಡುತ್ತ ಕೂತಿದ್ದ. ಗುರುವಿಗೆ ಹೇಳುವುದೆಂದರೆ ಮೇಲಿಂದ ತೆಗೆ ಎಂದವರು ಯಾರೆಂಬುದನ್ನೂ ಹೇಳಬೇಕಾಗುತ್ತದೆ. ಅವಳು ತಾಳ ಕೂಡಿಸಿ ಆ ವಿಡಿಯೋ ಮುಗಿಸಿಕೊಟ್ಟಳು.

ಗಣಿತದ ಮೇಡಂ ಬಂದದ್ದು ಅದರ ಮರುವಾರ. ಐವತ್ತೈದು ದಾಟಿದ ಟೀಚರು, ಕನ್ನಡಕಕ್ಕೆ ದಾರ ಕಟ್ಟಿಕೊಂಡು, ಹಾರುವ ಉಡುಪಿನ ಕೈ ಉದ್ದವಾಯಿತೆಂದು ತಾವೇ ಮಡಚಿಕೊಂಡು, ಎಲ್ಲರಿಗೂ ನಮಸ್ಕಾರ ಮಾಡುತ್ತ ವಿಮಾನ ಹತ್ತಿದರು. ಹತ್ತೂವರೆಗೆ ಹಾರಿ ಇಳಿದರು. ಅಣ್ಣ ಕ್ಯಾಮೆರಾದ ಕಾರ್ಡು ತಂದು ಅವಳ ಕೈಗಿಟ್ಟು, ಬಾಯಾರಿದೆ ಎಂದು ನೀರು ಹುಡುಕಿಕೊಂಡು ಹೋದ.

ಅದು ಅವನು ತೆಗೆದ ವಿಡಿಯೋಗಳಲ್ಲೆಲ್ಲ ಚೆಲುವಾದದ್ದು. ಮೇಡಂ ನಗುತ್ತಿರಲಿಲ್ಲ, ಕಿರುಚುತ್ತಿರಲಿಲ್ಲ. ಬಹಳ ದಿನದಿಂದ ಬಿಡಿಸಲಾಗದಿದ್ದ ಲೆಕ್ಕವೊಂದು ಬಿಡಿಸಿಕೊಂಡಂತೆ ಶಾಂತವಾಗಿ ಮೇಲೆ ನೋಡುತ್ತಿದ್ದರು. ಅವರ ಕನ್ನಡಕದಲ್ಲಿ ಅಣ್ಣನ ಪ್ರತಿಬಿಂಬ ಕೂಡ ಕಾಣುತ್ತಿತ್ತು, ಅಷ್ಟು ಹತ್ತಿರ. ಗುರುವಿನ ಕೈ ಬೀಸಿತು. ಚಿತ್ರ ಅಲುಗಲಿಲ್ಲ. ಮತ್ತೆ ಬೀಸಿತು. ಅಲುಗಲಿಲ್ಲ. ಆಮೇಲೆ ಒಮ್ಮೆಲೇ ಪಕ್ಕಕ್ಕೆ ಜಾರಿತು, ಬಟ್ಟೆ ಅರಳಿ ಗಾಜನ್ನೇ ಸವರಿಕೊಂಡು ಹೋಯಿತು.

ನಾಲ್ಕು.

ಇದನ್ನು ತೋರಿಸಿದರೆ ಅಣ್ಣ ಹೆದರುವುದಿಲ್ಲ, ಹಿಗ್ಗುತ್ತಾನೆ. ಯಜಮಾನ ಇದನ್ನು ರಸ್ತೆಯ ದೊಡ್ಡ ಫಲಕಕ್ಕೆ ಹಾಕಿಸುತ್ತಾನೆ. ಮುಂದಿನ ಸಲ ಇದಕ್ಕಿಂತ ಚೆನ್ನಾಗಿ ಬರಬೇಕಲ್ಲ, ಆಗ ಎಷ್ಟು ಉಳಿಯುತ್ತದೆ? ಯೋಚಿಸಿದರೆ ಮನಸ್ಸು ಬದಲಾಗುತ್ತದೆಂದು ಯೋಚಿಸದೆಯೇ ವಿಡಿಯೋ ಅಳಿಸಿದಳು. ಕಾರ್ಡನ್ನೂ ಖಾಲಿ ಮಾಡಿದಳು.

ಅಣ್ಣ ನೀರಿನ ಬಾಟಲಿ ಹಿಡಿದು ಒಳಗೆ ಬಂದ. ಹಿಂದೆಯೇ ಯಜಮಾನ. "ಹೇಗಿದೆ ಪುಟ್ಟಿ?" ಎಂದ ಅಣ್ಣ. "ಇವತ್ತು ಮೇಲಿರುವಾಗಲೇ ಗೊತ್ತಾಯ್ತು, ಸರಿಯಾಗಿ ಸಿಕ್ತು ಅಂತ."

"ಹಾಳಾಗಿದೆ ಅಣ್ಣ," ಎಂದಳು. "ಗಾಜಿಗೆ ನೇರ ಬಿಸಿಲು ಬಿದ್ದು ಎಲ್ಲ ಬೆಳ್ಳಗಾಗಿದೆ."

"ಪೂರ್ತಿನಾ?"

"ಪೂರ್ತಿ. ನೋಡೋ ಹಾಗೇ ಇರಲಿಲ್ಲ, ಅಳಿಸಿಬಿಟ್ಟೆ. ಆ ಅಗಲದ ಗಾಜು ಉಬ್ಬಿಕೊಂಡಿದೆಯಲ್ಲ, ಸುತ್ತಲ ಬಿಸಿಲನ್ನೆಲ್ಲ ಬಾಚ್ಕೊಳ್ಳುತ್ತೆ. ಹಳೇದನ್ನೇ ಹಾಕ್ಕೋ. ಅದಕ್ಕಾದ್ರೆ ಬಿಸಿಲಿಗೆ ಮರೆಯಿದೆ."

ಅವನು ಅನುಮಾನಿಸಲಿಲ್ಲ. ಅವಳ ಕಣ್ಣನ್ನು ಅವನು ಎಂದೂ ಅನುಮಾನಿಸಿದವನಲ್ಲ. ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ನಿಂತ, ಮುಖ ಸಣ್ಣದಾಯಿತು. "ನನ್ನದೇ ತಪ್ಪು ಸರ್," ಎಂದ ಯಜಮಾನನಿಗೆ. "ಮೇಡಂನ ಇನ್ನೊಂದು ಸಲ ಕರ್ಕೊಂಡು ಹೋಗೋಣ."

ಯಜಮಾನ ಗೊಣಗಿದ, ಒಪ್ಪಿದ. ಹೊರಗೆ ಬೆಂಚಿನ ಮೇಲಿದ್ದ ಮೇಡಂಗೆ ಹೇಳಿದಾಗ ಅವರು ಎದ್ದೇ ನಿಂತರು. "ಲೆಕ್ಕ ತಪ್ಪಾದ್ರೆ ಮತ್ತೆ ಮಾಡಬೇಕು, ನಾನೂ ಮಕ್ಕಳಿಗೆ ಅದೇ ಹೇಳೋದು," ಎಂದರು. ಅವರಿಗೆ ಸಂತೋಷ ತಡೆಯಲಾಗುತ್ತಿರಲಿಲ್ಲ.

ಅಣ್ಣ ಮೇಜಿನ ಮೇಲಿದ್ದ ಹಾಳೆಯೊಂದನ್ನು ಎಳೆದುಕೊಂಡು ಪೆನ್ಸಿಲಿನಲ್ಲಿ ಗೀಚತೊಡಗಿದ. "ಹತ್ತೂವರೆಗೆ ಬಿಸಿಲು ಓರೆ ಇತ್ತು, ಅದಕ್ಕೇ ಹೊಡೀತು. ಈಗ ಹನ್ನೆರಡಾಗುತ್ತೆ. ಸೂರ್ಯ ಇಲ್ಲಿ." ಒಂದು ಸುತ್ತು ಬರೆದ. "ಮೇಡಂ ಇಲ್ಲಿ." ಅದರ ನೇರ ಕೆಳಗೆ ಒಂದು ಗೆರೆ. "ನಾನು ಮೇಲಿದ್ರೂ ಸ್ವಲ್ಪ ಪಕ್ಕಕ್ಕಿದ್ರೆ ತಾನೇ ಬಿಸಿಲು ಗಾಜಿಗೆ ಬೀಳೋದು? ಅವರ ನೆತ್ತಿ ಮೇಲೇ ನಿಂತರೆ ಸೂರ್ಯ ನನ್ನ ಬೆನ್ನಿಗಿರ್ತಾನೆ. ಗಾಜು ಪೂರ್ತಿ ನೆರಳಲ್ಲಿ." ಸುತ್ತಿಗೂ ಗೆರೆಗೂ ನಡುವೆ ಒಂದು ಚುಕ್ಕೆ ಇಟ್ಟ.

ಅವಳು ಚುಕ್ಕೆಯನ್ನೇ ನೋಡಿದಳು. "ಹಳೇದು ಹಾಕ್ಕೋ ಅಂದೆನಲ್ಲ."

"ಇದರ ರುಚಿ ನೋಡಿದ ಮೇಲೆ ಅದು ಸಪ್ಪೆ ಕಣೇ."

"ತಲೆ ಮೇಲೆ ಹೋಗ್ಬೇಡ ಅಣ್ಣ."

"ಕೈ ಬೀಸಿದ ತಕ್ಷಣ ಸರ್ಕೊಳ್ತೀನಿ. ನಿನಗೋಸ್ಕರ ಇನ್ನೂ ಬೇಗ, ಆಯ್ತಾ?" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಪ್ರತಿ ಸಲವೂ ತಾನು ತಕ್ಷಣ ಸರಿಯುತ್ತೇನೆಂದೇ ಅವನು ನಂಬಿದ್ದ.

ಚಿತ್ರ ಚೆನ್ನಾಗಿತ್ತು, ನೀನು ತೆಗೆದದ್ದರಲ್ಲೇ ಚೆನ್ನಾಗಿತ್ತು, ಅಳಿಸಿದವಳು ನಾನು. ಈ ಮಾತು ಹೇಳಿದ್ದರೆ ಅವನು ನೆತ್ತಿಯ ಮೇಲೇ ಹೋಗಬೇಕಾಗಿರಲಿಲ್ಲ. ಸಿಟ್ಟಾಗುತ್ತಿದ್ದ, ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದ, ಅಷ್ಟೇ. ಆದರೆ ಯಜಮಾನ ಎದುರಿಗೇ ನಿಂತಿದ್ದ, ಬಾಗಿಲಲ್ಲಿ ಮೇಡಂ ಕನ್ನಡಕದ ದಾರ ಬಿಗಿ ಮಾಡಿಕೊಳ್ಳುತ್ತಿದ್ದರು. ಬಂದವರ ವಿಡಿಯೋ ಬೇಕೆಂದೇ ಅಳಿಸಿದವಳು ಎನಿಸಿಕೊಳ್ಳಲು ಅವಳಿಗೆ ನಾಚಿಕೆಯಾಯಿತು. ಇವರಿಬ್ಬರೂ ಆಚೆ ಹೋಗಲಿ, ಅಣ್ಣನೊಬ್ಬನಿಗೇ ಹೇಳುತ್ತೇನೆ ಎಂದುಕೊಂಡಳು. ಅವರ ಹಿಂದೆಯೇ ಅಣ್ಣನೂ ಆಚೆ ಹೋದ. ಅವಳು ಎದ್ದು ಹೊರಬರುವಷ್ಟರಲ್ಲಿ ವಿಮಾನದ ಬಾಗಿಲು ಎಳೆದಾಗಿತ್ತು.

ವಿಮಾನ ಮೇಲೇರಲು ಇಪ್ಪತ್ತು ನಿಮಿಷ ಬೇಕು. ಅವಳು ಶೆಡ್ಡಿನ ಮುಂದೆ ನಿಂತೇ ಇದ್ದಳು. ಕೊಡೆ ಮಡಿಸುವ ಮುದುಕ ಚಾಪೆಯ ಮೇಲೆ ಮಂಡಿಯೂರಿ, ಬೆಳಗಿನ ಕೊಡೆಯ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಒತ್ತಿ ಗಾಳಿ ಬಿಡಿಸುತ್ತಿದ್ದ. "ಯಾಕಮ್ಮ, ಒಳಗೆ ಕೆಲಸ ಇಲ್ವಾ ಇವತ್ತು?" ಎಂದ. ಇಲ್ಲ ಎಂದಳು.

ಎಂಜಿನ್ನಿನ ಸದ್ದು ತಗ್ಗಿತು. ಬಾಗಿಲು ತೆರೆದಾಗ ಹಾಗೇ ತಗ್ಗುತ್ತದೆ. ಅವಳು ಕತ್ತೆತ್ತಿ ಹುಡುಕಿದಳು. ಅವರು ಇರಬೇಕಾದ ಕಡೆಯಲ್ಲಿ ಸೂರ್ಯನಿದ್ದ, ಕೈ ಮರೆ ಮಾಡಿದರೂ ಕಣ್ಣಲ್ಲಿ ನೀರು ಬಂತೇ ಹೊರತು ಏನೂ ಕಾಣಲಿಲ್ಲ. ಕಣ್ಣು ಮುಚ್ಚಿ ಕಿವಿಗೊಟ್ಟಳು. ಮೊದಲು ಜೋಡಿಯ ದೊಡ್ಡ ಕೊಡೆ ಬಿಚ್ಚುವ ಸದ್ದು ಬರುತ್ತದೆ, ಒದ್ದೆ ಬಟ್ಟೆ ಕೊಡವಿದಂತೆ. ಐದಾರು ಎಣಿಸುವಷ್ಟರಲ್ಲಿ, ಇನ್ನೂ ಕೆಳಗೆ, ಅಣ್ಣನ ಸಣ್ಣ ಕೊಡೆಯದು.

ಒಂದು ಸದ್ದು ಬಂತು. ಬಟ್ಟೆ ಕೊಡವಿದಂತೆ ಇರಲಿಲ್ಲ.

ಅವಳು ಎಣಿಸಿದಳು. ಏಳು, ಎಂಟು. ಹನ್ನೊಂದು. ಇನ್ನೊಂದು ಸದ್ದು ಬರಲೇ ಇಲ್ಲ. ಕಣ್ಣು ತೆರೆದಾಗ ಮುದುಕ ಮಂಡಿಯೂರಿದ್ದಲ್ಲಿಂದ ಅರ್ಧ ಎದ್ದು ಮೇಲೆ ನೋಡುತ್ತಿದ್ದ. ಅವನ ಕೈ ಬಿಟ್ಟ ಬಟ್ಟೆಯೊಳಕ್ಕೆ ಗಾಳಿ ಹೊಕ್ಕು, ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು.