ಸೊಸೆಯ ತೋಳು ಬಿಗಿಯಾದಾಗ

ಆ ಬೀದಿಯಲ್ಲಿ ಯಾರ ಬಟ್ಟೆ ಬಿಗಿಯಾದರೂ ಸರಿ, ಸಡಿಲವಾದರೂ ಸರಿ, ಹೋಗುವುದು ಟೈಲರಮ್ಮನ ಹತ್ತಿರವೇ. ಬಟ್ಟೆಯ ಜೊತೆಗೆ ಒಂದಿಷ್ಟು ಬುದ್ಧಿಮಾತನ್ನೂ ಹೊತ್ತುಕೊಂಡು ಬರಬೇಕು, ಬೇಡವೆಂದರೆ ಬಿಡುವ ಹೆಂಗಸಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಮಿಷನ್ನಿನ ಮುಂದೆ ಅತ್ತೆ ಟೈಲರಮ್ಮ, ಇನ್ನೊಂದರ ಮುಂದೆ ಏಳು ತಿಂಗಳು ತುಂಬಿದ ಬಸುರಿ ಸೊಸೆ. ಶಾಲೆ ಶುರುವಾಗುವ ಹೊತ್ತು ಬೇರೆ. ಯೂನಿಫಾರಂ ಬಟ್ಟೆ ಕಿಟಕಿಯ ಎತ್ತರಕ್ಕೆ ರಾಶಿ ಬಿದ್ದಿತ್ತು.

"ಅತ್ತೆ, ನನ್ನ ಅಂಗಿ ತೋಳು ಮತ್ತೆ ಬಿಗಿ ಆಗ್ತಿದೆ" ಎಂದಳು ಸೊಸೆ.

"ಆಗ್ದೇ ಏನು? ಮೈಕೈ ತುಂಬ್ಕೊಂಡು ಲಕ್ಷಣವಾಗಿದೀಯ. ಕೊಡು ಇಲ್ಲಿ."

ಟೈಲರಮ್ಮ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆ ತೆಗೆದು, ತೋಳು ಸಡಿಲ ಮಾಡಿದರು. ಹೋದ ವಾರವೂ ಇದೇ ಕೆಲಸ ಆಗಿತ್ತು. ಅವರಿಗೆ ಒಳಗೊಳಗೇ ಖುಷಿ. ಸೊಸೆಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೇನೆ, ಬೀದಿಯವರೆಲ್ಲ ನೋಡಲಿ ಎಂಬ ಜಂಬ.

ಸೊಸೆ ಸೂಜಿಗೆ ದಾರ ಪೋಣಿಸಲು ಹೋಗಿ ತಪ್ಪಿದಳು. ಮತ್ತೆ ತಪ್ಪಿದಳು.

"ಕಣ್ಣು ಮಂಜುಮಂಜು ಅತ್ತೆ. ತಲೆನೋವೂ ನಿನ್ನೆಯಿಂದ ಬಿಟ್ಟಿಲ್ಲ."

"ದಿನವಿಡೀ ಮಿಷನ್ ಸದ್ದು ಕೇಳಿದ್ರೆ ಇನ್ನೇನಾಗುತ್ತೆ? ಕೊಡು, ನಿನಗಿಂತ ನನ್ನ ಕಣ್ಣೇ ವಾಸಿ" ಎಂದು ಅತ್ತೆ ನಗುತ್ತಾ ದಾರ ಪೋಣಿಸಿ ಕೊಟ್ಟರು.

ಅಷ್ಟರಲ್ಲಿ ಬಂದರು ನರ್ಸಕ್ಕ. ಆ ಬೀದಿಯ ಬಸುರಿ, ಬಾಣಂತಿಯರನ್ನು ನೋಡಿಕೊಳ್ಳುವವರು ಅವರೇ. ಮುಂಚೆಯೆಲ್ಲ ಬಾಗಿಲಲ್ಲೇ ನಿಂತು, ಸೊಸೆಗೆ ಮಾತ್ರ ಗಡಗಡ ಹೇಳಿ, ಕರಪತ್ರ ಕೊಟ್ಟು ಹೋಗುತ್ತಿದ್ದರು. ಆ ಕರಪತ್ರವನ್ನು ಟೈಲರಮ್ಮ ಕಾಲರ್ ಅಳತೆಗೆ ಕತ್ತರಿಸಿಕೊಂಡಿದ್ದರು. ಒಳ್ಳೆಯ ಗಟ್ಟಿ ಕಾಗದ, ಬಿಸಾಡುವುದುಂಟೇ? ಇವತ್ತು ಮಾತ್ರ ನರ್ಸಕ್ಕ ಸ್ಟೂಲ್ ಎಳೆದುಕೊಂಡು ಟೈಲರಮ್ಮನ ಪಕ್ಕದಲ್ಲೇ ಕೂತರು.

"ಇವತ್ತು ನಿಮ್ಮ ಹತ್ರ ಮಾತಾಡೋಕೆ ಬಂದೆ ಅಮ್ಮ."

"ಬಸುರಿ ಆಗಿರೋದು ಅವಳು ತಾಯೀ, ನಾನಲ್ಲ."

"ಸರಿ. ಆಸ್ಪತ್ರೆಗೆ ಹೋಗ್ಬೇಕಾ ಬೇಡ್ವಾ ಅಂತ ಈ ಮನೇಲಿ ಹೇಳೋರು ಯಾರು?"

ಬಟ್ಟೆ ಗಂಟು ಹೊತ್ತು ಒಳಗೆ ಬಂದ ಮಗ ಥಟ್ಟನೆ ಹೇಳಿದ, "ಇನ್ಯಾರು, ಅಮ್ಮಾನೇ."

"ಹಾಗಿದ್ರೆ ನೀವೂ ಕೂತ್ಕೊಳ್ಳಿ" ಎಂದು ಮಗನನ್ನೂ ಕೂರಿಸಿದರು ನರ್ಸಕ್ಕ. ಯಾವ್ಯಾವ ತೊಂದರೆ ಕಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು ಎಂದು ನಿಧಾನವಾಗಿ ಹೇಳಿದರು. ಹೇಳಿ ಎದ್ದುಹೋಗಲಿಲ್ಲ. "ಈಗ ನಾನು ಹೇಳಿದ್ದನ್ನ ನೀವು ನನಗೆ ಹೇಳಿ ಅಮ್ಮ. ಪರೀಕ್ಷೆ ನಿಮಗಲ್ಲ, ನನಗೆ. ನಾನು ತಿಳಿಯೋ ಹಾಗೆ ಹೇಳಿದೀನಾ ಅಂತ ನೋಡ್ಬೇಕು."

"ಇದೇನು ಒಂದನೇ ಕ್ಲಾಸಾ?" ಎಂದು ಟೈಲರಮ್ಮ ಮೂಗು ಮುರಿದರು. ಆದರೆ ಸೋಲುವ ಜನವೇ ಅಲ್ಲ. ಮಿಷನ್ ನಿಲ್ಲಿಸಿ, ಬೆರಳು ಮಡಚುತ್ತಾ ಶುರು ಮಾಡಿದರು. "ರಕ್ತ ಹೋದ್ರೆ. ದಿನ ತುಂಬೋ ಮುಂಚೆ ನೀರು ಹೋದ್ರೆ. ಮಗು ಒದೆಯೋದು ಕಮ್ಮಿ ಆದ್ರೆ. ಜ್ವರ, ಫಿಟ್ಸ್ ಬಂದ್ರೆ. ತಲೆನೋವು ಜೋರಾಗಿ ಬಂದು ಬಿಡದೇ ಇದ್ರೆ. ಕಣ್ಣು ಮಂಜಾದ್ರೆ. ಮುಖ, ಕೈ ಊದ್ಕೊಂಡ್ರೆ..."

ಟೈಲರಮ್ಮ ಸೊಸೆಯ ಕೈ ಹಿಡಿದು ನೋಡಿದರು. ಒತ್ತಿದ ಕಡೆ ಬೆರಳಿನ ಗುಳಿ ಹಾಗೇ ಉಳಿಯಿತು.

"ಅಯ್ಯೋ ನನ್ನ ಬುದ್ಧಿಗೆ. ಮೈ ತುಂಬ್ಕೊಂಡಿದಾಳೆ ಅಂತ ನಾನು ತೋಳು ಬಿಚ್ಚಿ ಬಿಚ್ಚಿ ಹೊಲಿತಾ ಕೂತಿದೀನಲ್ಲ ನರ್ಸಕ್ಕ."

ನರ್ಸಕ್ಕ ಚೀಲದಿಂದ ಬಿ.ಪಿ. ಯಂತ್ರ ತೆಗೆದು ನೋಡಿದರು. ರಕ್ತದೊತ್ತಡ ತುಂಬಾ ಏರಿತ್ತು. "ಈಗಲೇ ಹೊರಡಬೇಕು" ಎಂದವರೇ ಆಸ್ಪತ್ರೆಗೆ ಫೋನ್ ಮಾಡಿದರು. ಮಗ ಚಪ್ಪಲಿಯನ್ನೂ ಹಾಕದೆ ಆಟೋ ತರಲು ಓಡಿದ.

"ಯೂನಿಫಾರಂ, ಅತ್ತೆ?" ಎಂದಳು ಸೊಸೆ.

"ಮಕ್ಕಳು ಹಳೇದು ಹಾಕ್ಕೊಂಡು ಹೋಗ್ತಾರೆ. ನೀನು ಏಳೇ ಮೊದ್ಲು."

ಆಸ್ಪತ್ರೆಯಲ್ಲಿ ಡಾಕ್ಟರು ಕೂಡಲೇ ಔಷಧಿ ಶುರು ಮಾಡಿದರು. ಇನ್ನೂ ತಡವಾಗಿದ್ದರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು ಬರುತ್ತಿತ್ತು ಎಂದರು. ಸೊಸೆಯನ್ನು ಅಲ್ಲೇ ಇಟ್ಟುಕೊಂಡು, ಹಗಲೂ ರಾತ್ರಿ ನೋಡಿಕೊಂಡರು. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಯಿತು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಹೆಣ್ಣುಮಗು, ಆದರೆ ಅಳು ಮಾತ್ರ ವಾರ್ಡಿಗೆಲ್ಲ ಕೇಳುವಂಥದ್ದು. ಸೊಸೆಯೂ ಕ್ಷೇಮ. ಟೈಲರಮ್ಮನಿಗೆ ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗುವನ್ನು ತಾಯಿಯ ಎದೆಗೆ, ಮೈಗೆ ಮೈ ತಾಗುವಂತೆ ಮಲಗಿಸಿ ಬೆಚ್ಚಗಿಡಬೇಕು, ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲದೆ ಮಗುವಿಗೇ ಕೊಡಬೇಕು ಎಂದು ಅಲ್ಲಿಯ ನರ್ಸ್ ಹೇಳಿದರು. ಈ ಸಲ ಯಾರೂ ಕೇಳುವ ಮುಂಚೆಯೇ ಟೈಲರಮ್ಮ ಅದನ್ನು ತಿರುಗಿ ಹೇಳಿದರು. ಆಮೇಲೆ ಪಕ್ಕದ ಹಾಸಿಗೆಯವಳ ಅತ್ತೆಯನ್ನು ಹಿಡಿದುಕೊಂಡರು. "ನೋಡಮ್ಮ, ನಾನು ಹೇಳ್ತೀನಿ, ನೀನು ನನಗೆ ತಿರುಗಿ ಹೇಳ್ಬೇಕು. ಹೇಳೋವರೆಗೂ ಬಿಡಲ್ಲ."

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಬಸುರಿ ಇದ್ದಾಳೆಯೇ? ಅವಳ ಜೊತೆ ಅವಳ ಅತ್ತೆಯನ್ನೂ ಗಂಡನನ್ನೂ ಕೂರಿಸಿಕೊಳ್ಳಿ. ಟೈಲರಮ್ಮ ಬೆರಳು ಮಡಚಿ ಹೇಳಿದ, ಕಂಡರೆ ಕಾಯಬಾರದ ಆ ತೊಂದರೆಗಳನ್ನೆಲ್ಲ ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿ. ಸುಮ್ಮನೆ ತಲೆಯಾಡಿಸಬೇಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿಂದ ಇನ್ನೊಮ್ಮೆ ಓದಿ. ನಾಳೆಗೆ ಬೇಡ, ಈಗಲೇ ಅವಳ ಪಕ್ಕ ಕೂತು ಕೇಳಿ: "ಹೇಗಿದೀಯಮ್ಮ, ಮಗು ಒದೀತಾ ಇದೆಯಾ?"