ಎರಡನೇ ಸಲ ಕಾಯಿಸಿದಾಗ

ಅಣ್ಣನನ್ನು ಹೊರಗೆ ಹಾಕಿದ ಬಾಟಲಿ ಕಾರ್ಖಾನೆಗೇ ನಾನು ಕೆಲಸಕ್ಕೆ ಸೇರಿದ್ದು ಹೊಟ್ಟೆಪಾಡಿಗಲ್ಲ, ಹೊಟ್ಟೆಯುರಿಗೆ. ನಾನು ಯಾರ ತಂಗಿಯೆಂದು ಮಾಲೀಕನಿಗೆ ಗೊತ್ತಿರಲಿಲ್ಲ. ಅವನ ಪಾಲಿಗೆ ನಾನು ಲ್ಯಾಬಿನ ಹುಡುಗಿ, ಅಷ್ಟೆ.

ಅಲ್ಲೊಂದು ಪದ್ಧತಿಯಿದೆ. ಅಚ್ಚಿನ ಯಂತ್ರ ನಡೆಸುವವನ ತಪ್ಪಿನಿಂದ ಬಾಟಲಿಗಳು ಕೆಟ್ಟರೆ, ಅವನು ಪಾಳಿ ಬದಲಾಗುವ ಹೊತ್ತಿಗೆ ಎಲ್ಲರೆದುರು ಕೈಗವಸು ಕಳಚಿ ಅಚ್ಚಿನ ಮೇಲಿಟ್ಟು ಗೇಟು ದಾಟಬೇಕು. ನಿಯಮ ಮಾಲೀಕನದೇ. ಬಿಸಿ ಹಣ್ಣಿನ ರಸ ತುಂಬಿದ ಕೂಡಲೇ ಬಾಟಲಿಗಳ ಬುಡ ಕುಸಿಯಿತೆಂದು ಅಣ್ಣನಿಂದಲೂ ಹಾಗೇ ಮಾಡಿಸಿದ್ದ. ಅಚ್ಚು ಆರುವ ಮುಂಚೆಯೇ ತೆರೆದಿದ್ದಾನೆ ಎಂದ. ಮಾಲಿಗೆ ಗುಜರಿ ಪ್ಲಾಸ್ಟಿಕ್ ಬೆರೆಸಿದ್ದಾರೆ ಎಂದು ಅಣ್ಣ ಗೋಗರೆದ. ಯಾರು ಕೇಳಬೇಕು? ಕಳ್ಳನಂತೆ ತಲೆ ತಗ್ಗಿಸಿ ಬಂದವನು ಮತ್ತೆ ಯಾವ ಕಾರ್ಖಾನೆಯ ಬಾಗಿಲನ್ನೂ ತಟ್ಟಲಿಲ್ಲ. ಈಗ ಊರವರ ಬಟ್ಟೆ ಇಸ್ತ್ರಿ ಮಾಡುತ್ತಾನೆ. ಅವತ್ತಿನ ಒಂದು ಬಾಟಲಿ ಮನೆಯಲ್ಲಿ ಉಳಿದಿತ್ತು. ಅಮ್ಮ ಅದರಲ್ಲಿ ಅಂಗಿ ಗುಂಡಿಗಳನ್ನು ತುಂಬಿಟ್ಟಿದ್ದಳು.

ಈ ಬೇಸಗೆಯಲ್ಲಿ ಮತ್ತೆ ಬಾಟಲಿಗಳ ಬುಡ ಕುಸಿಯಿತು. ಅಣ್ಣನ ಯಂತ್ರವನ್ನು ಈಗ ನಡೆಸುವವನು ಮಾಲೀಕನ ಮಗ. ನಮ್ಮ ಬಾಟಲಿ ಕೊಳ್ಳುವ ರಸದ ಕಂಪನಿಯ ಮೇಡಂ ಕಾರಣ ತಿಳಿಯಲು ನನ್ನ ಲ್ಯಾಬಿಗೇ ಬಂದು ಕೂತರು.

ಬಾಟಲಿಯಿಂದ ಉಗುರಿನ ಚೂರಿನಷ್ಟು ಕತ್ತರಿಸಿ, ಪುಟ್ಟ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಮುಚ್ಚಿ, ಪರೀಕ್ಷೆಯ ಯಂತ್ರದಲ್ಲಿಟ್ಟು ಮೆಲ್ಲಗೆ ಕಾಯಿಸಿದೆ. ಪರದೆಯ ಮೇಲೆ ಗೆರೆ ಏರಿತು. ಪ್ಲಾಸ್ಟಿಕ್ ಕರಗುವಲ್ಲಿ ಒಂದೇ ಶಿಖರ ಇರಬೇಕು. ಪಕ್ಕದಲ್ಲೊಂದು ಉಬ್ಬು ಕಂಡಿತು.

"ನೋಡಿದ್ರಾ, ಕಲಬೆರಕೆ," ಎಂದ ಮಾಲೀಕ. "ಪ್ಲಾಸ್ಟಿಕ್ ಕಾಳು ಕೊಟ್ಟೋನು ಮೋಸ ಮಾಡಿದಾನೆ. ಸಾಕಮ್ಮ, ನಿಲ್ಸು."

"ಇನ್ನೊಂದ್ಸಲ ಕಾಯಿಸ್ಬೇಕು ಸಾರ್."

"ಒಂದ್ಸಲ ಸಾಕು."

ಅಣ್ಣನ ಬಾಟಲಿ ಪರೀಕ್ಷಿಸಿದಾಗಲೂ ಒಂದೇ ಸಲ ಸಾಕು ಎಂದಿದ್ದನಂತೆ. ಮೇಡಂ ಕಡೆ ತಿರುಗಿದೆ.

"ಮೊದಲ್ನೇ ಸಲ ಕಾಣೋ ಉಬ್ಬು ಮಾಲಿಂದೂ ಆಗಿರ್ಬಹುದು, ಅಚ್ಚಿಂದೂ ಆಗಿರ್ಬಹುದು. ಪೂರ್ತಿ ಕರಗಿಸಿ, ನಿಧಾನಕ್ಕೆ ಆರಿಸಿ, ಮತ್ತೆ ಕಾಯಿಸಿದ್ರೆ ಅಚ್ಚಲ್ಲಿ ಆಗಿದ್ದೆಲ್ಲ ಅಳಿಸಿ ಹೋಗತ್ತೆ. ಆಮೇಲೂ ಉಬ್ಬು ಉಳಿದ್ರೆ ಮಾಲು ಕೆಟ್ಟದ್ದು. ಹೋದ್ರೆ ಅಚ್ಚು ನಡೆಸೋರ ತಪ್ಪು."

"ಕಾಯಿಸಿ," ಎಂದರು ಮೇಡಂ.

ಎರಡನೇ ಗೆರೆಯಲ್ಲಿ ಉಬ್ಬು ಇರಲಿಲ್ಲ. ಮೇಡಂ ಫೋನು ಹಿಡಿದು ಹೊರಗೆ ಹೋದದ್ದೇ ತಡ, ಮಾಲೀಕ ಬಾಗಿಲು ಹಾಕಿದ.

"ಯಂತ್ರ ಕೆಟ್ಟಿತ್ತು ಅಂದ್ಬಿಡಮ್ಮ. ನನಗಿರೋನು ಒಬ್ನೇ ಮಗ."

"ನಮ್ಮಮ್ಮನಿಗೂ ಒಬ್ನೇ ಮಗ ಸಾರ್."

ಚೀಲದಿಂದ ಗುಂಡಿಯ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ಕುಸಿದ ಬುಡದ ಮೇಲೆ ಅದು ವಾಲಿಕೊಂಡು ನಿಂತಿತು. ಅದರ ಚೂರನ್ನು ಎಂದೋ ಕಾಯಿಸಿಟ್ಟಿದ್ದೆ. ಆ ಗೆರೆಗಳನ್ನು ಪರದೆಗೆ ತಂದೆ. ಎರಡನೇ ಸಲವೂ ಉಬ್ಬು ಹಾಗೇ ಕೂತಿತ್ತು. ಮಾಲೀಕ ಬಾಟಲಿ ನೋಡಿದ, ನನ್ನ ಮುಖ ನೋಡಿದ. ಆಗ ಅವನಿಗೆ ನಾನು ಯಾರೆಂದು ಹೊಳೆಯಿತು. ಆ ಕ್ಷಣಕ್ಕಾಗಿ ನಾನು ಎಷ್ಟು ಹಾತೊರೆದಿದ್ದೆನೆಂದು ನನಗೇ ಗೊತ್ತಿರಲಿಲ್ಲ.

"ಏನು ಬೇಕು ನಿನಗೆ?"

"ನಿಮ್ಮ ನಿಯಮ. ಪಾಳಿ ಬದಲಾಗೋವಾಗ, ಎಲ್ರ ಮುಂದೆ. ನಮ್ಮಣ್ಣಂದು ತಪ್ಪಿರ್ಲಿಲ್ಲ, ಗುಜರಿ ಬೆರೆಸಿದ್ದು ನೀವು ಅಂತ ಅಲ್ಲೇ ಹೇಳ್ಬೇಕು. ಇಲ್ದಿದ್ರೆ ಈ ಗೆರೆನೂ ಮೇಡಂ ನೋಡ್ತಾರೆ."

ಅಣ್ಣನಿಗೆ ಫೋನು ಮಾಡಿದೆ. ಯಾಕೆಂದು ಹೇಳಲಿಲ್ಲ, ಬಾ ಎಂದೆ.

ಪಾಳಿ ಬದಲಾಗುವಾಗ ಮಾಲೀಕನ ಮಗ ಕೈಗವಸು ಕಳಚಿ ಅಚ್ಚಿನ ಮೇಲಿಟ್ಟ. ಪಾಪ ಅನ್ನಿಸಬೇಕಿತ್ತೇನೋ, ಅನ್ನಿಸಲಿಲ್ಲ. ಮಾಲೀಕ ನೆಲ ನೋಡುತ್ತ ಬಾಯೊಳಗೇ ಏನೋ ಗೊಣಗಿದ.

"ಗೇಟಿನ ಹತ್ರ ನಿಂತಿರೋರಿಗೆ ಕೇಳಿಸ್ಲಿಲ್ಲ ಸಾರ್," ಎಂದೆ.

ಅವನು ತಲೆಯೆತ್ತಿದ. ಗೇಟಿನಾಚೆ ಅಣ್ಣ ನಿಂತಿದ್ದ. ಮಾಲೀಕ ಮತ್ತೆ ಹೇಳಿದ, ಗಟ್ಟಿಯಾಗಿ.