ಕುಬಸದ ದಿನ ಕೈಗೇರದ ಬಳೆ

ಬೈರಿದೇವರಕೊಪ್ಪದ ಗುಡ್ಡವ್ವನವರ ಮನೆಯಲ್ಲಿ ಅಂದು ಸೊಸೆ ಸ್ನೇಹಲ್‌ಳ ಕುಬಸ. ಏಳು ತಿಂಗಳು ತುಂಬಿದ ಚೊಚ್ಚಲ ಬಸುರಿಯನ್ನು ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಗಂಡ ಹುಲಗೇಶ ಕೆಲಸಕ್ಕೆ ಹೋಗಿದ್ದ. ಬಳೆ ತೊಡಿಸಲು ಶಹಜಹಾನಬೇಗಂ ಬಂದಿದ್ದರು. ಮದುವೆಯಲ್ಲಿ ಸ್ನೇಹಲ್‌ಗೆ ಬಳೆ ತೊಡಿಸಿದವರೂ ಅವರೇ.

ಹಸಿರು ಬಳೆ ಬೆರಳ ಗೆಣ್ಣು ದಾಟಲಿಲ್ಲ. ಇನ್ನೂ ದೊಡ್ಡದನ್ನು ತೆಗೆದರು. ಅದು ಅಂಗೈಯಲ್ಲೇ ನಿಂತಿತು.

“ಲಗ್ನದಾಗ ಈಕಿ ಕೈ ಸಾಲಿ ಹುಡುಗಿ ಕೈ ಇದ್ದಂಗ ಇತ್ತಲ್ಲಬೇ ಗುಡ್ಡವ್ವಾ. ಈಗ ನನ್ನ ಪೆಟ್ಟಿಗ್ಯಾಗಿನ ದೊಡ್ಡ ಬಳಿನೂ ಏರವಲ್ದು.”

“ನನ್ನ ಕೈ ರೊಟ್ಟಿ ಉಂಡಾಳ, ಮೈಗೆ ಹತ್ತೇತಿ!” ಗುಡ್ಡವ್ವ ನಕ್ಕರು. “ಸಾಬಾಣ ಹಚ್ಚಿ ಏರಸು.”

“ರೊಟ್ಟಿ ಹತ್ತಿದ ಕೈ ಮೆತ್ತಗಿರತೈತಿ. ಇದು ಬಿಗದೈತಿ. ಉಂಗುರ ನೋಡು, ಹೆಂಗ ಹೂತೈತಿ.”

ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಜರೀನಾ ಕುಬಸಕ್ಕೆ ಬಂದು ಕೂತಿದ್ದರು. ಎದ್ದು ಬಂದು ಸ್ನೇಹಲ್‌ಳ ಮುಖ ನೋಡಿದರು. ಕಣ್ಣಿನ ರೆಪ್ಪೆಗಳೂ ಬಾತಿದ್ದವು.

“ತಲಿ ನೋಯಾಕತ್ತೈತೇನ?”

“ನಿನ್ನಿಯಿಂದ ಸಿಡ್ಯಾಕತ್ತೈತ್ರಿ ಆಪಾ. ಎದುರಿನವರ ಮಾರಿ ಮಂಜಮಂಜ ಕಾಣತಾವ. ಚಸ್ಮಾ ಬೇಕಾಗೇತೇನೋ ಅನ್ಕೊಂಡೆ.”

“ಹೋದ ತಿಂಗಳ ತಪಾಸಣಿಗೆ ಕರದ್ರ ಬರಲಿಲ್ಲಲ್ಲ?”

ಉತ್ತರ ಗುಡ್ಡವ್ವನವರದು. “ಕುಬಸದ ತಯಾರಿ ಇತ್ತು. ಛಲೋ ಇದ್ದಾಕಿಗೆ ಯಾಕ ದವಾಖಾನಿ? ಬಸುರಿ ಅಲ್ದ ಇನ್ನ್ಯಾರು ಬಾಯ್ತಾರ?”

“ಕಾಲು ಬಾಯೂದು ಸಾಮಾನ್ಯ, ಗುಡ್ಡವ್ವ ಕಾಕು. ಕೈ, ಮಾರಿ ಬಾತು, ತಲಿ ಸಿಡದು, ಕಣ್ಣ ಮಂಜಾದ್ರ ಸಾಮಾನ್ಯ ಅಲ್ಲ.”

ಜರೀನಾ ಮನೆಯಿಂದ ರಕ್ತದೊತ್ತಡ ಅಳೆಯುವ ಯಂತ್ರ ತಂದು ನೋಡಿದರು. ನೂರ ಅರವತ್ತು, ಕೆಳಗೆ ನೂರ ಹತ್ತು. ಮತ್ತೊಮ್ಮೆ ನೋಡಿದರು. ಅಷ್ಟೇ ಇತ್ತು.

“ನೂರಾ ನಾಲ್ವತ್ತು, ಕೆಳಗ ತೊಂಬತ್ತು, ಇದರಾಗ ಯಾವುದ ಮುಟ್ಟಿದ್ರೂ ಡಾಕ್ಟರಿಗೆ ತೋರಸಬೇಕು. ಇದು ಅದಕ್ಕೂ ಭಾಳ ಜಾಸ್ತಿ. ಈಗಿಂದೀಗ ಹೋಗಬೇಕು,” ಎನ್ನುತ್ತಲೇ ಆಂಬುಲೆನ್ಸಿನ ನೂರಾಎಂಟಕ್ಕೆ ಫೋನ್ ಮಾಡಿದರು.

“ಆರತಿ ಒಂದು ಆಗಲಿ. ಅರ್ಧಕ್ಕ ಎಬ್ಬಿಸಿದ್ರ ಅಪಶಕುನ. ಬಂದ ಮಂದಿ ಏನಂದಾರು?” ಗುಡ್ಡವ್ವ ತಡೆದರು.

“ಫಿಟ್ಸ್ ಬಂತಂದ್ರ ತಾಯಿ, ಕೂಸು ಇಬ್ಬರ ಜೀವಕ್ಕೂ ಕುತ್ತು, ಕಾಕು.”

ಶಹಜಹಾನಬೇಗಂ ಬಳೆ ಪೆಟ್ಟಿಗೆ ಮುಚ್ಚಿದರು. “ಮಂದಿಗೆ ನಾ ಹೇಳತೇನಿ. ಇವತ್ತ ನಾ ಬಳಿ ತೊಡಸೂದಿಲ್ಲ. ಬಳಿ ಇಲ್ಲದ ಕುಬಸ ಹೆಂಗ ಮಾಡ್ತಿ, ಮಾಡು!”

ಗುಡ್ಡವ್ವ ಸೊಸೆಯ ಮುಖ ನೋಡಿದರು. ಸ್ನೇಹಲ್ ಕಣ್ಣು ಮುಚ್ಚಿ ಹಣೆ ಒತ್ತಿಕೊಳ್ಳುತ್ತಿದ್ದಳು. ಅವರು ಆರತಿ ತಟ್ಟೆ ಕೆಳಗಿಟ್ಟರು. “ಹುಲಗೇಶಗ ಫೋನ್ ಹಚ್ರಿ. ಕೆಲಸದಿಂದ ಸೀದಾ ದವಾಖಾನಿಗೆ ಬಾ ಅನ್ರಿ.”

ಸರ್ಕಾರಿ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷಿಸಿದಾಗ ಪ್ರೋಟೀನ್ ಕಂಡಿತು. ವೈದ್ಯೆ ಹುಲಗೇಶನಿಗೆ ವಿವರಿಸಿದರು: ಬಸುರಿನ ಐದು ತಿಂಗಳ ನಂತರ ಕೆಲವರಿಗೆ ರಕ್ತದೊತ್ತಡ ಹೀಗೆ ಏರುತ್ತದೆ. ಬಿಟ್ಟರೆ ಫಿಟ್ಸ್ ಬರಬಹುದು, ಮೂತ್ರಪಿಂಡ, ಯಕೃತ್ತು ಕೆಡಬಹುದು, ಮಗುವಿನ ಬೆಳವಣಿಗೆ ಕುಂಠಿತವಾಗಬಹುದು. ಇದು ಯಾರ ತಪ್ಪೂ ಅಲ್ಲ.

ಒತ್ತಡ ಇಳಿಸಲು, ಫಿಟ್ಸ್ ತಡೆಯಲು ಔಷಧಿ ಕೊಟ್ಟರು. ಸ್ನೇಹಲ್ ವಾರ್ಡಿನಲ್ಲೇ ಉಳಿದಳು. ಔಷಧಿಗೂ ಒತ್ತಡ ಬಗ್ಗದಿದ್ದಾಗ ಅವಧಿಗೆ ಮೊದಲೇ ಹೆರಿಗೆ ಮಾಡಿಸಿದರು. ಕಡಿಮೆ ತೂಕದ ಹೆಣ್ಣು ಮಗು ನವಜಾತ ಶಿಶು ಘಟಕದಲ್ಲಿ ಕೆಲ ವಾರ ಇದ್ದು, ತೂಕ ಏರಿಸಿಕೊಂಡು ಮನೆಗೆ ಬಂತು.

ಮಗುವಿನ ಹೆಸರಿಡುವ ದಿನ ಶಹಜಹಾನಬೇಗಂ ಮತ್ತೆ ಪೆಟ್ಟಿಗೆ ಬಿಚ್ಚಿದರು. ಮದುವೆಯ ಅಳತೆಯ ಬಳೆಗಳೇ ಸ್ನೇಹಲ್‌ಳ ಕೈಗೆ ಸಲೀಸಾಗಿ ಏರಿದವು.

“ಸಾಬಾಣ ತರಲೇನಬೇ ಗುಡ್ಡವ್ವಾ?”

“ಸಾಕ ಮಾಡ, ನಮ್ಮವ್ವಾ,” ಗುಡ್ಡವ್ವ ನಕ್ಕರು. “ಲಗೂ ತೊಡಸು. ಹೆರಿಗಿ ಆದ ಮ್ಯಾಲೂ ಬಿ.ಪಿ. ನೋಡಸಬೇಕಂತ. ನಾನ ಕರಕೊಂಡು ಹೋಗಾಕಿ ಅದೇನಿ.”

ನಿಮ್ಮ ಮನೆಯಲ್ಲೂ ಬಸುರಿ ಇದ್ದಾಳೆಯೆ? ಅವಳು ಆರಾಮಾಗಿ ಕಂಡರೂ ಪ್ರತಿ ತಪಾಸಣೆಗೆ ಕರೆದೊಯ್ಯಿರಿ. ರಕ್ತದೊತ್ತಡ ಏರಿದ್ದು ಎಷ್ಟೋ ಸಲ ಹೊರಗೆ ಕಾಣುವುದೇ ಇಲ್ಲ. ಕೈ, ಮುಖ ಬಾತರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ, ಹೊಟ್ಟೆಯ ಮೇಲ್ಭಾಗ ನೋವಾದರೆ ಅಂದೇ ಆಸ್ಪತ್ರೆಗೆ ಹೊರಡಿ. ಹೆರಿಗೆಯಾದ ಆರು ವಾರದವರೆಗೂ ಈ ಎಚ್ಚರ ಇರಲಿ. ನೂರಾಎಂಟು ಆಂಬುಲೆನ್ಸ್ ಉಚಿತ. ಆರತಿಯನ್ನು ಇನ್ನೊಂದು ದಿನ ಎತ್ತಿದರಾಯಿತು.